ನಾಲ್ಕನೇ ಹಂತದ ಸ್ತನ ಕ್ಯಾನ್ಸರ್: ಒಬ್ಬರಿಗೆ ಎಂಟು ತಿಂಗಳು, ಇನ್ನೊಬ್ಬರಿಗೆ ಏಳು ವರ್ಷ ಏಕೆ?

ಪ್ರಶ್ನೆ: ನಾವು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನವರು. ನನ್ನ ಅಕ್ಕನಿಗೆ 54 ವರ್ಷ. ಆರೂವರೆ ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಎಂದು ಆಪರೇಷನ್, ಕೀಮೋ, ಕರೆಂಟ್ (ರೇಡಿಯೇಷನ್) ಎಲ್ಲ ಆಗಿತ್ತು. ಐದು ವರ್ಷ ಹಾರ್ಮೋನ್ ಮಾತ್ರೆ ನುಂಗಿ ಮುಗಿಸಿದ್ದರು. ಈಗ ಆರು ತಿಂಗಳಿಂದ ಸೊಂಟ ಮತ್ತು ಎಡತೊಡೆಯಲ್ಲಿ ನೋವು. ಸ್ಕ್ಯಾನ್ ಮಾಡಿಸಿದರೆ ಮೂಳೆಗೆ ಹರಡಿದೆ, ನಾಲ್ಕನೇ ಸ್ಟೇಜು ಎಂದರು. ಹಳೆಯ ರಿಪೋರ್ಟಿನಲ್ಲಿ ಇಆರ್ ಮತ್ತು ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್ ಎಂದಿದೆ. ಈಗ ಬರೀ ಮಾತ್ರೆ ಬರೆದುಕೊಟ್ಟಿದ್ದಾರೆ, ಕೀಮೋ ಬೇಡವೆಂದರು. ನಮ್ಮೂರಿನಲ್ಲೇ 38 ವರ್ಷದ ಹೆಣ್ಣುಮಗಳೊಬ್ಬರು ಇದೇ ನಾಲ್ಕನೇ ಸ್ಟೇಜಿನಲ್ಲಿ ಎಂಟೇ ತಿಂಗಳಿಗೆ ತೀರಿಕೊಂಡರು. ಅವರದು ಮೂರೂ ನೆಗೆಟಿವ್ ಅಂತೆ, ಲಿವರ್‌ಗೂ ಹೋಗಿತ್ತಂತೆ. ಆಪರೇಷನ್ ಮಾಡಲಿಲ್ಲ, ಮಾಡಿದ್ದರೆ ಉಳಿಯುತ್ತಿದ್ದರು ಎಂದು ಊರಿನಲ್ಲಿ ಹೇಳುತ್ತಾರೆ. ಮಧುಗಿರಿ ಕಡೆಯ ನಮ್ಮ ನೆಂಟರೊಬ್ಬರು ಅದೇ ಸ್ಟೇಜಿನಲ್ಲಿದ್ದು ಏಳನೇ ವರ್ಷವೂ ಹೊಲ ನೋಡಿಕೊಳ್ಳುತ್ತಿದ್ದಾರೆ. ಅಕ್ಕನಿಗೆ ಎಷ್ಟು ಕಾಲ ಇದೆ? ಅದು ಯಾವುದರ ಮೇಲೆ ನಿಂತಿದೆ? ಜಮೀನು ಮಾರಿಯಾದರೂ ದುಬಾರಿ ಔಷಧ ಕೊಡಿಸಬೇಕೆ? ಅಕ್ಕನಿಗೆ ಇನ್ನೂ ವಿಷಯ ಹೇಳಿಲ್ಲ. ಹೇಳಿದರೆ ಧೈರ್ಯಗೆಟ್ಟು ಬೇಗ ಹೋಗಿಬಿಡುತ್ತಾರೇನೋ ಎಂಬ ಭಯ.

ಉತ್ತರ: ನಿಮ್ಮ ಪತ್ರದಲ್ಲಿ ಬರುವ ಮೂವರು ಹೆಣ್ಣುಮಕ್ಕಳಿಗೂ ವೈದ್ಯರು ಹೇಳಿದ್ದು ‘ನಾಲ್ಕನೇ ಹಂತ’ ಎಂಬ ಒಂದೇ ಮಾತು. ಕಾಯಿಲೆಯು ಸ್ತನವನ್ನೂ ಕಂಕುಳನ್ನೂ ದಾಟಿ ಮೂಳೆ, ಶ್ವಾಸಕೋಶ, ಲಿವರ್ ಅಥವಾ ಮಿದುಳಿನಂತಹ ದೂರದ ಅಂಗವನ್ನು ಮುಟ್ಟಿದೆ ಎಂಬುದನ್ನಷ್ಟೇ ಆ ಮಾತು ತಿಳಿಸುತ್ತದೆ. ಅದು ಯಾವ ಬಗೆಯದು, ಎಷ್ಟು ವೇಗವಾಗಿ ಬೆಳೆಯುತ್ತದೆ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಹಂತದ ಸಂಖ್ಯೆಯಲ್ಲಿ ಇರುವುದಿಲ್ಲ. ಆಯುಷ್ಯವನ್ನು ಬಹುಪಾಲು ನಿರ್ಧರಿಸುವುದು ಮಾತ್ರ ಇವೇ ಸಂಗತಿಗಳು. ನೀವು ಬರೆದಿರುವಷ್ಟನ್ನು ನೋಡಿ ಹೇಳುವುದಾದರೆ, ನಿಮ್ಮ ಅಕ್ಕನ ಕಾಯಿಲೆ ಈ ಹಂತದಲ್ಲಿ ಹೆಚ್ಚು ಕಾಲ ಹತೋಟಿಯಲ್ಲಿ ಉಳಿಯುವ ಗುಂಪಿಗೆ ಸೇರಿದೆ. ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಹೇಳಲಾರೆ, ಹಾಗೆ ಹೇಳುವವರನ್ನು ನೀವೂ ನಂಬಬೇಡಿ. ಆದರೆ ನಿಮ್ಮೂರಿನ ಆ ಹೆಣ್ಣುಮಗಳ ಎಂಟು ತಿಂಗಳನ್ನು ಅಕ್ಕನಿಗೆ ಅಳತೆಗೋಲು ಮಾಡಿಕೊಳ್ಳಬೇಡಿ. (ಓದುವ ಉಳಿದವರಿಗಾಗಿ ಒಂದು ಮಾತು: ಸ್ತನದಲ್ಲೇ ದೊಡ್ಡದಾಗಿ ಬೆಳೆದು, ಚರ್ಮಕ್ಕೋ ಕಂಕುಳಿಗೋ ವ್ಯಾಪಿಸಿ, ದೂರದ ಅಂಗಕ್ಕೆ ಹೋಗದೆ ಇರುವುದು ಮೂರನೇ ಹಂತ. ಅದನ್ನೂ ‘ಮುಂದುವರಿದ’ ಕ್ಯಾನ್ಸರ್ ಎನ್ನುತ್ತಾರೆ, ಆದರೆ ಅದಕ್ಕೆ ಕೊಡುವ ಚಿಕಿತ್ಸೆ ವಾಸಿ ಮಾಡುವ ಉದ್ದೇಶದ್ದು.)

ನಿಮ್ಮ ಕೈಯಲ್ಲಿರುವ ಹಳೆಯ ಬಯಾಪ್ಸಿ ರಿಪೋರ್ಟಿನ ಆ ಮೂರು ಸಾಲುಗಳೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಇಆರ್ ಮತ್ತು ಪಿಆರ್ ಎಂದರೆ ಕ್ಯಾನ್ಸರ್ ಕಣವು ಹೆಣ್ಣಿನ ಹಾರ್ಮೋನುಗಳನ್ನು ಹಿಡಿದುಕೊಳ್ಳಲು ಇಟ್ಟುಕೊಂಡಿರುವ ಗ್ರಾಹಕಗಳು. ಅವು ಪಾಸಿಟಿವ್ ಆಗಿದ್ದರೆ ಕಣ ಬೆಳೆಯಲು ಹಾರ್ಮೋನನ್ನು ನೆಚ್ಚಿಕೊಂಡಿದೆ, ಆ ದಾರಿಯನ್ನು ಮಾತ್ರೆಯಿಂದಲೇ ಮುಚ್ಚಬಹುದು ಎಂದರ್ಥ. ಹರ್-2 ಎಂಬುದು ಕಣದ ಮೇಲೆ ಕುಳಿತು ‘ಬೆಳೆ, ಬೆಳೆ’ ಎಂದು ಸೂಚನೆ ಕೊಡುವ ಪ್ರೋಟೀನು. ಅದು ವಿಪರೀತವಾಗಿದ್ದರೆ ಕಾಯಿಲೆ ಬಿರುಸಾಗಿರುತ್ತದೆ. ಒಂದು ಕಾಲದಲ್ಲಿ ಹರ್-2 ಪಾಸಿಟಿವ್ ಎಂದರೆ ಕೆಟ್ಟ ಸುದ್ದಿಯಾಗಿತ್ತು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಅನುಮತಿ ದೊರೆತ ಮೇಲೆ ಆ ಚಿತ್ರವೇ ಬದಲಾಯಿತು. ಅದರ ಜೊತೆಗೆ ಪರ್ಟುಜುಮ್ಯಾಬ್ ಎಂಬ, ಹರ್-2 ಮೇಲೆಯೇ ಕೆಲಸ ಮಾಡುವ ಇನ್ನೊಂದು ಇಂಜೆಕ್ಷನ್ನನ್ನೂ ಕೀಮೋವನ್ನೂ ಸೇರಿಸಿ ಕೊಟ್ಟ ದೊಡ್ಡ ಅಧ್ಯಯನದಲ್ಲಿ ನಡುಮಟ್ಟದ ಆಯುಷ್ಯ ಸುಮಾರು 57 ತಿಂಗಳಿಗೆ ಏರಿತು. ಪರ್ಟುಜುಮ್ಯಾಬ್ ಇಲ್ಲದ ಗುಂಪಿನಲ್ಲಿ ಅದು ಸುಮಾರು 41 ತಿಂಗಳು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮ್ಯಾಬಿನ ಸಮಾನ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದದ್ದರಿಂದ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅದು ಎಟುಕುವಂತಾಯಿತು. ಮೂರೂ ನೆಗೆಟಿವ್ ಆದಾಗ ಹಾರ್ಮೋನ್ ಮಾತ್ರೆಯಾಗಲಿ, ಟ್ರಾಸ್ಟುಜುಮ್ಯಾಬ್ ಆಗಲಿ ಉಪಯೋಗಕ್ಕೆ ಬರುವುದಿಲ್ಲ. ಮುಖ್ಯವಾಗಿ ಕೀಮೋವನ್ನೇ ನೆಚ್ಚಬೇಕು, ಕಾಯಿಲೆ ಲಿವರ್, ಶ್ವಾಸಕೋಶ, ಮಿದುಳಿಗೆ ಹೋಗುವುದೂ ಹೆಚ್ಚು. ಕೆಲವರಲ್ಲಿ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಹೊಸ ಔಷಧಗಳಿಂದ ಕಾಲ ಹೆಚ್ಚುತ್ತದೆ, ಆದರೂ ಈ ಬಗೆಯಲ್ಲಿ ನಾಲ್ಕನೇ ಹಂತದ ನಡುಮಟ್ಟದ ಆಯುಷ್ಯ ಒಂದರಿಂದ ಎರಡು ವರ್ಷದ ಆಸುಪಾಸಿನಲ್ಲೇ ಇದೆ. ನಿಮ್ಮೂರಿನ ಆ 38 ವರ್ಷದ ತಾಯಿಯದು ಇದೇ ಬಗೆ. ಹೆಸರು ಒಂದೇ ಆದರೂ ಅವರ ಕಾಯಿಲೆ ಬೇರೆ, ನಿಮ್ಮ ಅಕ್ಕನದು ಬೇರೆ.

ಈಗ ಅಕ್ಕನ ಬಗೆಯ ಅಂಕಿಗಳಿಗೆ ಬರುತ್ತೇನೆ. ನಡುಮಟ್ಟ ಎಂದರೇನು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಮನೆಯವರು ತಪ್ಪು ತಿಳಿಯುವುದು ಇಲ್ಲಿಯೇ. ನೂರು ರೋಗಿಗಳನ್ನು ಅವರು ಬದುಕಿದ ಕಾಲದ ಪ್ರಕಾರ ಒಂದು ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಕಾಲವೇ ನಡುಮಟ್ಟ. ಅದು ಯಾರಿಗೂ ಬರೆದುಕೊಟ್ಟ ಗಡುವಲ್ಲ, ಅರ್ಧದಷ್ಟು ಜನ ಅದನ್ನು ದಾಟಿಯೇ ಇರುತ್ತಾರೆ. ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಇದ್ದು ಮುಟ್ಟು ನಿಂತಿರುವ 668 ಮಹಿಳೆಯರ ಮೇಲೆ ನಡೆದ ಮೋನಲೀಸಾ-2 ಎಂಬ ಅಧ್ಯಯನದ ಅಂತಿಮ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಲೆಟ್ರೋಜೋಲ್ ಎಂಬ ಹಾರ್ಮೋನ್ ಮಾತ್ರೆಯ ಜೊತೆಗೆ, ಕ್ಯಾನ್ಸರ್ ಕಣ ಒಡೆದು ಹೆಚ್ಚುವುದನ್ನು ತಡೆಯುವ ರೈಬೋಸಿಕ್ಲಿಬ್ ಎಂಬ ದುಬಾರಿ ಮಾತ್ರೆಯನ್ನೂ ಪಡೆದವರಲ್ಲಿ ನಡುಮಟ್ಟದ ಆಯುಷ್ಯ 63.9 ತಿಂಗಳು, ಲೆಟ್ರೋಜೋಲನ್ನು ಮಾತ್ರ ಪಡೆದವರಲ್ಲಿ 51.4 ತಿಂಗಳು. ದುಬಾರಿ ಔಷಧ ಇಲ್ಲದ ಗುಂಪಿನಲ್ಲೂ ಅರ್ಧದಷ್ಟು ಜನ ನಾಲ್ಕು ವರ್ಷ ದಾಟಿದ್ದಾರೆ ಎಂಬುದನ್ನು ಗಮನಿಸಿ. ಆದರೆ ಇಂತಹ ಅಧ್ಯಯನಗಳಿಗೆ ಸೇರುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿದ್ದು, ತಪ್ಪದೆ ತಪಾಸಣೆಗೆ ಬರುವವರು. ನಮ್ಮ ಹಳ್ಳಿಗಳ ಪರಿಸ್ಥಿತಿಯಲ್ಲಿ ಅದೇ ಅಂಕಿ ತಾನಾಗಿ ಸಿಗುವುದಿಲ್ಲ. ಮೊಬೈಲಿನಲ್ಲಿ ಹುಡುಕಿದವರಿಗೆ ‘ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 30’ ಎಂಬ ಅಮೆರಿಕದ ಲೆಕ್ಕವೊಂದು ಸಿಗುತ್ತದೆ. ಅದು ಎಲ್ಲ ಬಗೆಗಳನ್ನೂ ಒಟ್ಟಿಗೆ ಕಲಸಿದ, ಹಿಂದಿನ ವರ್ಷಗಳಲ್ಲಿ ಚಿಕಿತ್ಸೆ ಪಡೆದವರ ಲೆಕ್ಕ. ಅದನ್ನು ಓದಿ ನಿದ್ದೆಗೆಡಬೇಡಿ.

ಬರೀ ಮಾತ್ರೆ ಕೊಟ್ಟು ಕಳಿಸಿದರು ಎಂದು ನೀವು ಬರೆದ ಸಾಲಿನಲ್ಲಿ ಒಂದು ಅನುಮಾನ ಕಾಣುತ್ತದೆ: ವೈದ್ಯರು ಕೈಬಿಟ್ಟರೇ ಎಂದು. ಇಲ್ಲ. ಇಂತಹ ಕಾಯಿಲೆಯಲ್ಲಿ ಲಿವರ್ ಅಥವಾ ಶ್ವಾಸಕೋಶ ಕೆಲಸ ನಿಲ್ಲಿಸುವಷ್ಟು ತುರ್ತು ಇಲ್ಲದಿದ್ದರೆ ಮಾತ್ರೆಯಿಂದ ಆರಂಭಿಸುವುದೇ ಸರಿಯಾದ ಚಿಕಿತ್ಸೆ. ಕೂದಲು ಉದುರಿಸುವ ಚಿಕಿತ್ಸೆಯೇ ಬಲವಾದ ಚಿಕಿತ್ಸೆ ಎಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ, ಅದು ನಿಜವಲ್ಲ.

ಅಕ್ಕನ ಪರವಾಗಿರುವ ಇನ್ನೊಂದು ಸಂಗತಿ, ಮೊದಲ ಚಿಕಿತ್ಸೆಗೂ ಕಾಯಿಲೆ ಮರಳಿದ್ದಕ್ಕೂ ನಡುವೆ ಸಿಕ್ಕಿರುವ ಬಿಡುವು. ಎರಡು ವರ್ಷದೊಳಗೆ, ಅದರಲ್ಲೂ ಹಾರ್ಮೋನ್ ಮಾತ್ರೆ ನುಂಗುತ್ತಿರುವಾಗಲೇ ಮರಳಿದರೆ ಆ ಕಣಗಳು ಮಾತ್ರೆಗೆ ಒಗ್ಗಿಕೊಂಡಿವೆ ಎಂದು ತಿಳಿಯಬೇಕಾಗುತ್ತದೆ. ಅಕ್ಕ ಐದು ವರ್ಷ ಮಾತ್ರೆ ಮುಗಿಸಿ, ನಿಲ್ಲಿಸಿ ಒಂದು ವರ್ಷವಾದ ಮೇಲೆ ಕಾಯಿಲೆ ತಲೆ ಎತ್ತಿದೆ. ಅಂದರೆ ಮಾತ್ರೆ ಇರುವಷ್ಟು ಕಾಲ ಅದು ತೆಪ್ಪಗಿತ್ತು. ಈ ಸಲವೂ ಬಗ್ಗುವ ಸಾಧ್ಯತೆ ಚೆನ್ನಾಗಿದೆ. ಆದರೆ ಆರೂವರೆ ವರ್ಷದ ಹಿಂದಿನ ರಿಪೋರ್ಟನ್ನೇ ನೆಚ್ಚಿ ಕೂರಬಾರದು. ಮರಳಿ ಬಂದ ಕಾಯಿಲೆಯ ಗುಣ ಕೆಲವರಲ್ಲಿ ಬದಲಾಗಿರುತ್ತದೆ, ಪಾಸಿಟಿವ್ ಇದ್ದದ್ದು ನೆಗೆಟಿವ್ ಆಗುವುದೂ ಉಂಟು. ಆದ್ದರಿಂದ ಸಾಧ್ಯವಿದ್ದರೆ ಈಗ ಹರಡಿರುವ ಜಾಗದಿಂದಲೇ ಸೂಜಿಯ ಮೂಲಕ ಸಣ್ಣ ತುಣುಕು ತೆಗೆದು ಪರೀಕ್ಷಿಸಬೇಕು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಇದನ್ನು ಬೇಡವೆನ್ನುವವರನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ. ಆ ಭಯಕ್ಕೆ ಆಧಾರವಿಲ್ಲ. ಮೂಳೆಯ ತುಣುಕಿನಲ್ಲಿ ಒಂದು ಸೂಕ್ಷ್ಮವಿದೆ: ಮೂಳೆಯನ್ನು ಮೆದುಗೊಳಿಸಲು ಲ್ಯಾಬಿನಲ್ಲಿ ಬಳಸುವ ಆಮ್ಲದಿಂದ ಕೆಲವೊಮ್ಮೆ ಇಆರ್, ಹರ್-2 ಫಲಿತಾಂಶಗಳು ಸುಳ್ಳಾಗಿ ನೆಗೆಟಿವ್ ಬರುತ್ತವೆ. ಇಆರ್ ನೆಗೆಟಿವ್ ಎಂದು ಬಂದರೆ ಗಾಬರಿಯಾಗುವ ಮೊದಲು ಈ ಪ್ರಶ್ನೆಯನ್ನು ನಿಮ್ಮ ವೈದ್ಯರಲ್ಲಿ ಕೇಳಿ.

ಕಾಯಿಲೆ ಎಲ್ಲಿಗೆ ಹೋಗಿದೆ ಎಂಬುದೂ ದೊಡ್ಡ ಅಂಶ. ಮೂಳೆಗೆ ಮಾತ್ರ ಹೋದವರು ಲಿವರ್‌ಗೆ ಹೋದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಮಿದುಳಿಗೆ ಹೋದಾಗ ಕಾಲ ಇನ್ನೂ ಕಿರಿದಾಗುತ್ತದೆ. ಒಂದೆರಡು ಜಾಗದಲ್ಲಿ ಇರುವುದಕ್ಕೂ ಹತ್ತಾರು ಜಾಗದಲ್ಲಿ ಇರುವುದಕ್ಕೂ ವ್ಯತ್ಯಾಸವಿದೆ. ಮೂಳೆ ಮುರಿದು ಮಲಗುವಂತಾದರೆ ಬಲ ಕುಂದುತ್ತದೆ, ಆಗ ಚಿಕಿತ್ಸೆಯೂ ನಿಲ್ಲುತ್ತದೆ. ಹಾಗಾಗಿ ಮೂಳೆಯನ್ನು ಕಾಪಾಡುವುದು ಆಯುಷ್ಯವನ್ನು ಕಾಪಾಡುವುದರ ಭಾಗವೇ. ಇಲ್ಲಿ ನಮ್ಮ ಸೀಮೆಯ ಒಂದು ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ, ಅತ್ತ ಬಾಗೇಪಲ್ಲಿ, ಮುಳಬಾಗಿಲು ಕಡೆಯಿಂದ ಬರುವವರಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಹಲ್ಲು ಕಂದುಗಟ್ಟಿರುವುದು, ಬೆನ್ನು-ಮಂಡಿ ಹಿಡಿದುಕೊಂಡಿರುವುದು ಎಷ್ಟು ಸಾಮಾನ್ಯವೆಂದರೆ, ಸೊಂಟ ನೋವು ಎಂದ ಕೂಡಲೇ ಮನೆಯವರೂ ಔಷಧ ಅಂಗಡಿಯವರೂ ಕೆಲವೊಮ್ಮೆ ವೈದ್ಯರೂ ‘ನೀರಿನ ತೊಂದರೆ’ ಎಂದುಬಿಡುತ್ತಾರೆ. ಅಕ್ಕನ ಆರು ತಿಂಗಳು ಹೀಗೆಯೇ ಕಳೆದಿರಬಹುದು ಎಂದು ನನ್ನ ಊಹೆ. ಫ್ಲೋರೈಡಿನ ನೋವು ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ, ಎರಡೂ ಕಡೆ ಬಿಗಿತವಿರುತ್ತದೆ. ಕ್ಯಾನ್ಸರಿನ ನೋವು ಒಂದು ಜಾಗವನ್ನು ಹಿಡಿದು ವಾರ ವಾರಕ್ಕೂ ಏರುತ್ತದೆ, ರಾತ್ರಿ ಮಲಗಿದಾಗಲೂ ಬಿಡುವುದಿಲ್ಲ. ಸ್ತನ ಕ್ಯಾನ್ಸರಿಗೆ ಒಮ್ಮೆ ಚಿಕಿತ್ಸೆ ಪಡೆದ ಹೆಣ್ಣುಮಗಳಿಗೆ ಇಂತಹ ನೋವು ಮೂರು ವಾರ ಮೀರಿ ಉಳಿದರೆ, ಎಷ್ಟೇ ವರ್ಷ ಕಳೆದಿರಲಿ, ಎಕ್ಸ್‌ರೇ ಮತ್ತು ಸ್ಕ್ಯಾನ್ ಆಗಲೇಬೇಕು. ಬೋನ್ ಸ್ಕ್ಯಾನಿನಲ್ಲೂ ಫ್ಲೋರೈಡ್ ಕೂತ ಮೂಳೆ ಗೊಂದಲ ಹುಟ್ಟಿಸಬಲ್ಲದು. ಊರು, ನೀರು ಯಾವುದೆಂದು ಸ್ಕ್ಯಾನ್ ಓದುವವರಿಗೆ ತಿಳಿಸುವುದು ಒಳ್ಳೆಯದು.

ಮೂಳೆಯನ್ನು ಗಟ್ಟಿಯಾಗಿಡಲು ಜೋಲೆಡ್ರಾನಿಕ್ ಆಮ್ಲದ ಡ್ರಿಪ್ ಕೊಡುತ್ತಾರೆ. ಹಿಂದೆ ತಿಂಗಳಿಗೊಮ್ಮೆ ಕೊಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಕೊಟ್ಟರೂ ಮೂಳೆ ಮುರಿತ ಹೆಚ್ಚುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಾವಗಡದಿಂದ ಮಧುಗಿರಿ, ಕೊರಟಗೆರೆ ಹಾದು ತುಮಕೂರಿಗೋ ಅಲ್ಲಿಂದ ಮುಂದೆ ಬೆಂಗಳೂರಿಗೋ ಬರಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಡ್ರಿಪ್ ಶುರುವಾಗುವ ಮೊದಲು ಕಿಡ್ನಿಯ ರಕ್ತಪರೀಕ್ಷೆ ಆಗಬೇಕು, ದಂತವೈದ್ಯರಿಗೆ ಬಾಯಿ ತೋರಿಸಿ, ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಬೇಕು. ಆಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಇದು ಇನ್ನೂ ಮುಖ್ಯ.

ಆಪರೇಷನ್ ಮಾಡಿದ್ದರೆ ಆ ಹೆಣ್ಣುಮಗಳು ಉಳಿಯುತ್ತಿದ್ದರು ಎಂಬ ಊರಿನ ಮಾತಿಗೆ ಉತ್ತರ ಕೊಡಲೇಬೇಕು, ಏಕೆಂದರೆ ಆ ಮನೆಯವರು ಈಗಲೂ ಆ ಕೊರಗನ್ನು ಹೊತ್ತಿರಬಹುದು. ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮದೇ ದೇಶದ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ. ಮೊದಲ ಸಲ ಕಂಡಾಗಲೇ ನಾಲ್ಕನೇ ಹಂತದಲ್ಲಿದ್ದ 350 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ತನದ ಗೆಡ್ಡೆಗೆ ಆಪರೇಷನ್ ಮತ್ತು ಕರೆಂಟ್ ಚಿಕಿತ್ಸೆಯನ್ನೂ ಮಾಡಿ, ಇನ್ನೊಂದಕ್ಕೆ ಮಾಡದೆ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆಪರೇಷನ್ ಆದವರ ನಡುಮಟ್ಟದ ಆಯುಷ್ಯ 19.2 ತಿಂಗಳು, ಆಗದವರದು 20.5 ತಿಂಗಳು. ಅಂದರೆ ಆಪರೇಷನ್ನಿನಿಂದ ಆಯುಷ್ಯ ಹೆಚ್ಚಲಿಲ್ಲ. ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನವೂ ಅದನ್ನೇ ಹೇಳಿತು. ರಕ್ತದ ಹಾದಿ ಹಿಡಿದು ಆಗಲೇ ಹೊರಟುಹೋಗಿರುವ ಕಣಗಳನ್ನು, ಅವು ಹೊರಟ ಜಾಗವನ್ನು ಕತ್ತರಿಸಿ ಹಿಡಿಯಲಾಗುವುದಿಲ್ಲ. ಗೆಡ್ಡೆ ಒಡೆದು ಹುಣ್ಣಾಗಿ ರಕ್ತ ಸುರಿಯುವಾಗ ಆಪರೇಷನ್ ಮಾಡುವುದುಂಟು, ಅದು ನೆಮ್ಮದಿಗಾಗಿ. ಅಂತಹ ಹುಣ್ಣಿನ ವಾಸನೆಗೆ ಹೆದರಿ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಮಲಗುವ ಹೆಂಗಸರನ್ನು ನಾನು ಕಂಡಿದ್ದೇನೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಗಾಯದ ಮೇಲೆ ಉದುರಿಸಿ ಡ್ರೆಸ್ಸಿಂಗ್ ಮಾಡಿದರೆ ಆ ವಾಸನೆ ಕೆಲವೇ ದಿನಗಳಲ್ಲಿ ತಗ್ಗುತ್ತದೆ. ನರ್ಸಮ್ಮನವರಿಂದ ಒಮ್ಮೆ ಕಲಿತರೆ ಮನೆಯಲ್ಲೇ ಮಾಡಬಹುದು.

ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಸ್ಥಿತಿ ಇವೂ ಲೆಕ್ಕಕ್ಕೆ ಬರುತ್ತವೆ, ಆದರೆ ಇವೆಲ್ಲವನ್ನೂ ಒಟ್ಟು ಮಾಡಿ ನಾವು ನೋಡುವುದು ರೋಗಿ ದಿನವನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು. ತಮ್ಮ ಸ್ನಾನ, ಊಟ, ಅಂಗಳದ ಓಡಾಟ ತಾವೇ ಮಾಡಿಕೊಳ್ಳುವವರು ಚಿಕಿತ್ಸೆಯನ್ನು ತಾಳಿಕೊಳ್ಳುತ್ತಾರೆ. ಎಚ್ಚರವಾಗಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೇ ಕಳೆಯುವವರಿಗೆ ಚಿಕಿತ್ಸೆಯೇ ಹೊರೆಯಾಗಬಹುದು. ಆದ್ದರಿಂದ ‘ಪಥ್ಯ’ ಎಂದು ಊಟ ಕಡಿಮೆ ಮಾಡಿಸಬೇಡಿ. ನಂಜು ಎಂದು ಮೊಟ್ಟೆ, ಕಾಳು, ಬದನೆ ಎಲ್ಲ ಬಿಡಿಸಿ, ಗಂಜಿ ಕುಡಿಸಿ, ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿಸಿಕೊಂಡು ಬರುವವರಿದ್ದಾರೆ. ಮುದ್ದೆ, ಕಾಳಿನ ಸಾರು, ಸೊಪ್ಪು, ಮೊಟ್ಟೆ, ಮೊಸರು ಎಲ್ಲವೂ ಇರಲಿ. ಬೇಡದ್ದು ಒಂದೇ, ಅದನ್ನು ಮುಂದೆ ಹೇಳುತ್ತೇನೆ.

ಕಾಯಿಲೆಯ ಬಗೆ, ಬಿಡುವು, ಹರಡಿದ ಜಾಗ ಇವು ನಮ್ಮ ಕೈಯಲ್ಲಿಲ್ಲ. ಮನೆಯವರ ಕೈಯಲ್ಲಿರುವವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಚಿಕಿತ್ಸೆ ತುಂಡಾಗದಂತೆ ನೋಡಿಕೊಳ್ಳುವುದು. ಒಮ್ಮೆ ಶಿರಾ ಕಡೆಯ ಒಬ್ಬ ತಾಯಿ, ಚೆನ್ನಾಗಿದ್ದವರು, ಮತ್ತೆ ನೋವು ಎಂದು ಬಂದರು. ಮಾತ್ರೆ ತಪ್ಪಿಸುತ್ತಿಲ್ಲ ಎಂದು ಮಗ ಹೇಳಿದರು. ಆಕೆಯ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿಸಿ ಲೆಟ್ರೋಜೋಲ್ ಪಟ್ಟಿಗಳನ್ನು ಎಣಿಸಿದೆವು. ಮುಗಿದಿರಬೇಕಾದ ತಿಂಗಳಲ್ಲಿ ಹನ್ನೊಂದು ಮಾತ್ರೆ ಉಳಿದಿದ್ದವು. ಕೇಳಿದರೆ, ಮಾತ್ರೆ ನುಂಗಿದ ದಿನ ಬೆಳಿಗ್ಗೆ ಕೈ ಮಡಚಲು ಆಗುವುದಿಲ್ಲ, ಹೂವು ಕಟ್ಟಲು ಆಗುವುದಿಲ್ಲ, ಅದಕ್ಕೇ ಆಗಾಗ ಬಿಡುತ್ತಿದ್ದೆ ಎಂದರು. ಕೀಲುನೋವು ಲೆಟ್ರೋಜೋಲಿನ ತಿಳಿದಿರುವ ಅಡ್ಡಪರಿಣಾಮ. ಅದನ್ನು ಮೊದಲೇ ಹೇಳಿದ್ದರೆ ವ್ಯಾಯಾಮ, ನೋವಿನ ಮಾತ್ರೆ, ಬೇಕಾದರೆ ಅದೇ ಗುಂಪಿನ ಬೇರೆ ಮಾತ್ರೆ, ಹೀಗೆ ದಾರಿಗಳಿದ್ದವು. ಆಕೆ ಹೇಳಲಿಲ್ಲ, ನಾವೂ ಬಿಡಿಸಿ ಕೇಳಿರಲಿಲ್ಲ. ಅಂದಿನಿಂದ ಪಟ್ಟಿ ಎಣಿಸದೆ ಯಾರ ಔಷಧವನ್ನೂ ನಾನು ಬದಲಾಯಿಸುವುದಿಲ್ಲ. ರೈಬೋಸಿಕ್ಲಿಬ್ ಮತ್ತು ಅದೇ ಗುಂಪಿನ ಪಾಲ್ಬೊಸಿಕ್ಲಿಬ್ ಮಾತ್ರೆಗಳಲ್ಲಿ ತಪ್ಪು ಇನ್ನೊಂದು ಬಗೆಯದು. ಇವನ್ನು 21 ದಿನ ನುಂಗಿ 7 ದಿನ ಬಿಡಬೇಕು, ಆದರೆ ಲೆಟ್ರೋಜೋಲನ್ನು ಆ ಏಳು ದಿನವೂ ನುಂಗಬೇಕು. ಎಷ್ಟೋ ಜನ ಎರಡನ್ನೂ ಬಿಡುತ್ತಾರೆ, ಇಲ್ಲವೇ ಬಿಡುವು ಮುಗಿದ ಮೇಲೆ ಮತ್ತೆ ಶುರು ಮಾಡುವುದೇ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಬಣ್ಣ ಬಳಿದು ಇಡಿ. ಈ ಮಾತ್ರೆಗಳು ಬಿಳಿ ರಕ್ತಕಣಗಳನ್ನು ಇಳಿಸುವುದರಿಂದ ರಕ್ತಪರೀಕ್ಷೆಯನ್ನೂ, ರೈಬೋಸಿಕ್ಲಿಬ್ ಆದರೆ ಇಸಿಜಿಯನ್ನೂ ತಪ್ಪಿಸುವಂತಿಲ್ಲ. ಬೇಡದ ಆಹಾರ ಎಂದದ್ದು ಇಲ್ಲಿ: ಚಕ್ಕೋತ. ದೇವನಹಳ್ಳಿಯ ಹೆಸರಾಂತ ಹಣ್ಣು, ನಮಗೆಲ್ಲ ಪ್ರೀತಿಯದು. ಆದರೆ ಅದರಲ್ಲೂ ಅದರ ಜಾತಿಯ ಗ್ರೇಪ್‌ಫ್ರೂಟ್ ಹಣ್ಣಿನಲ್ಲೂ ಇರುವ ಅಂಶವು ದೇಹ ಈ ಮಾತ್ರೆಗಳನ್ನು ಅರಗಿಸುವುದನ್ನು ತಡೆದು, ರಕ್ತದಲ್ಲಿ ಅವುಗಳ ಪ್ರಮಾಣವನ್ನು ಏರಿಸಬಹುದು. ಮಾತ್ರೆ ನಡೆಯುವಷ್ಟು ಕಾಲ ಅದು ಬೇಡ. ನಾಟಿ ಔಷಧದ ಪುಡಿ, ಕಷಾಯಗಳನ್ನು ಕೊಡುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ.

ಜಮೀನು ಮಾರಬೇಡಿ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಪಾಲ್ಬೊಸಿಕ್ಲಿಬಿನ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿದು, ನಮ್ಮ ಕಂಪನಿಗಳ ಮಾತ್ರೆಗಳು ಬಂದು ಬೆಲೆ ಬಹಳ ಇಳಿದಿದೆ. ಲೆಟ್ರೋಜೋಲ್ ಜೊತೆ ಅದು ಕಾಯಿಲೆ ಹತೋಟಿಯಲ್ಲಿರುವ ಕಾಲವನ್ನು 14.5 ತಿಂಗಳಿನಿಂದ 24.8 ತಿಂಗಳಿಗೆ ಏರಿಸಿತು. ಆದರೆ ಒಟ್ಟು ಆಯುಷ್ಯದಲ್ಲಿ ರೈಬೋಸಿಕ್ಲಿಬ್ ತೋರಿಸಿದಷ್ಟು ಸ್ಪಷ್ಟ ಅಂತರವನ್ನು ತೋರಿಸಲಿಲ್ಲ. ಹಾಗಾಗಿ ಸಿಕ್ಕರೆ ರೈಬೋಸಿಕ್ಲಿಬ್, ಇಲ್ಲದಿದ್ದರೆ ಕೈಗೆಟುಕುವ ಪಾಲ್ಬೊಸಿಕ್ಲಿಬ್, ಅದೂ ಆಗದಿದ್ದರೆ ಲೆಟ್ರೋಜೋಲನ್ನು ಒಂದು ದಿನವೂ ತಪ್ಪಿಸದೆ ನುಂಗುವುದು. ಮೂರನೆಯ ದಾರಿಯೂ ಸೋತ ದಾರಿಯಲ್ಲ. ನಾಲ್ಕು ತಿಂಗಳು ಸಾಲ ಮಾಡಿ ದುಬಾರಿ ಮಾತ್ರೆ ಕೊಟ್ಟು, ಐದನೇ ತಿಂಗಳು ಕೈ ಬರಿದಾಗಿ, ಸ್ಕ್ಯಾನಿಗೂ ಬಸ್ಸಿಗೂ ದುಡ್ಡಿಲ್ಲದೆ ಎಲ್ಲವನ್ನೂ ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು. ಯಾವುದೇ ದುಬಾರಿ ಔಷಧ ಬರೆದಾಗ ಎರಡು ಪ್ರಶ್ನೆ ಕೇಳಲು ಸಂಕೋಚಪಡಬೇಡಿ: ಇದರಿಂದ ಸರಾಸರಿ ಎಷ್ಟು ಕಾಲ ಹೆಚ್ಚುತ್ತದೆ, ಎಷ್ಟು ತಿಂಗಳು ಬಿಡದೆ ಕೊಡಬೇಕು? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಎಲ್ಲ ಹೊಸ ಔಷಧಗಳೂ ಇದರಲ್ಲಿ ಬರುವುದಿಲ್ಲ, ಯಾವುದು ಬರುತ್ತದೆಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆಂದೇ ಇರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಹಿಡಿದೇ ಬೆಂಗಳೂರಿಗೆ ಹೋಗಿ. ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಕೇಂದ್ರದಲ್ಲಿ ಚಿಕಿತ್ಸೆಯ ಯೋಜನೆ ಬರೆಸಿಕೊಂಡು, ರಕ್ತಪರೀಕ್ಷೆ, ಡ್ರಿಪ್‌ಗಳನ್ನು ತುಮಕೂರಿನಲ್ಲೇ ಮಾಡಿಸಲು ಆಗುವುದೇ ಎಂದು ವಿಚಾರಿಸಿ. ಶಕ್ತಿ ಯೋಜನೆಯಿಂದ ಅಕ್ಕನಿಗೂ ಜೊತೆಗೆ ಬರುವ ಹೆಣ್ಣುಮಗಳಿಗೂ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚು ಉಳಿದಿದೆ, ಅದರಿಂದಲೇ ತಪಾಸಣೆ ತಪ್ಪಿಸದೆ ಬರುವವರು ನನ್ನ ರೋಗಿಗಳಲ್ಲಿದ್ದಾರೆ.

ಧೈರ್ಯದ ವಿಷಯ. ಮನೋಬಲ ಇದ್ದರೆ ಹೆಚ್ಚು ಕಾಲ ಬದುಕುತ್ತಾರೆಯೇ ಎಂಬುದನ್ನು ವಿಜ್ಞಾನ ಪರೀಕ್ಷಿಸಿದೆ. 1989ರಲ್ಲಿ ಅಮೆರಿಕದಿಂದ ಬಂದ ಒಂದು ಸಣ್ಣ ಅಧ್ಯಯನ, ವಾರಕ್ಕೊಮ್ಮೆ ಕೂಡಿ ಕಷ್ಟಸುಖ ಹಂಚಿಕೊಂಡ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು ಹೇಳಿ ಆಸೆ ಹುಟ್ಟಿಸಿತ್ತು. ಅದನ್ನೇ ಕೆನಡಾದಲ್ಲಿ 235 ಮಹಿಳೆಯರಲ್ಲಿ ಮಾಡಿ ನೋಡಿದಾಗ, 2001ರಲ್ಲಿ ಬಂದ ಉತ್ತರ ಬೇರೆಯಾಗಿತ್ತು: ಆಯುಷ್ಯ ಹೆಚ್ಚಲಿಲ್ಲ, ಆದರೆ ಮನಸ್ಸಿನ ದುಗುಡ ಮತ್ತು ನೋವಿನ ಅನುಭವ ಕಡಿಮೆಯಾಯಿತು. ಇದನ್ನು ನಾನು ಒಳ್ಳೆಯ ಸುದ್ದಿ ಎಂದೇ ತಿಳಿಯುತ್ತೇನೆ. ಅಕ್ಕ ಒಂದು ರಾತ್ರಿ ಅತ್ತರೆ ಆಯುಷ್ಯ ಕಡಿಮೆಯಾಗುವುದಿಲ್ಲ. ಕಾಯಿಲೆ ಏರಿದರೆ ‘ಧೈರ್ಯ ಬಿಟ್ಟಳು’ ಎಂಬ ಆರೋಪವನ್ನು ಅವರ ತಲೆಗೆ ಕಟ್ಟಬೇಕಾಗಿಯೂ ಇಲ್ಲ. ವಿಷಯ ಮುಚ್ಚಿಟ್ಟರೆ ಮಾತ್ರ ನಷ್ಟವಿದೆ. ತಮಗೆ ಏನಾಗಿದೆ ಎಂದು ತಿಳಿಯದವರು ಹೊಸ ನೋವನ್ನೂ ಸುಸ್ತನ್ನೂ ಹೇಳಿಕೊಳ್ಳುವುದಿಲ್ಲ, ಶಿರಾದ ಆ ತಾಯಿಯಂತೆ ಮಾತ್ರೆ ಬಿಡುತ್ತಾರೆ. ಹರಡಿದ ಕ್ಯಾನ್ಸರ್ ಇರುವವರು ತಮ್ಮ ತೊಂದರೆಗಳನ್ನು ತಾವೇ ನಿಯಮಿತವಾಗಿ ವರದಿ ಮಾಡಿ, ನರ್ಸುಗಳು ಕೂಡಲೇ ಸ್ಪಂದಿಸಿದ ಅಮೆರಿಕದ ಒಂದು ಅಧ್ಯಯನದಲ್ಲಿ ನಡುಮಟ್ಟದ ಆಯುಷ್ಯ 26 ತಿಂಗಳಿಂದ 31.2 ತಿಂಗಳಿಗೆ ಏರಿತು ಎಂದು 2017ರಲ್ಲಿ ವರದಿಯಾಯಿತು. ದುಬಾರಿ ಔಷಧವೊಂದು ಕೊಡುವಷ್ಟು ಲಾಭವನ್ನು ತೊಂದರೆ ಹೇಳಿಕೊಳ್ಳುವ ಅಭ್ಯಾಸವೇ ಕೊಟ್ಟಿತು. ಅದಕ್ಕೆ ಅಕ್ಕನಿಗೆ ಸತ್ಯ ಗೊತ್ತಿರಬೇಕು. ಆರು ವರ್ಷದ ಹಿಂದೆ ಕೀಮೋ ಕಂಡವರಿಗೆ ಸ್ಕ್ಯಾನ್ ಯಾಕೆ ಮಾಡಿಸಿದಿರೆಂದು ಅರ್ಧ ಆಗಲೇ ಅರ್ಥವಾಗಿರುತ್ತದೆ. ‘ಹಳೆಯ ಕಾಯಿಲೆ ಮೂಳೆಯಲ್ಲಿ ಕಾಣಿಸಿಕೊಂಡಿದೆ ಅಕ್ಕ, ಮಾತ್ರೆಯಲ್ಲಿ ಹಿಡಿತದಲ್ಲಿಡಬಹುದಂತೆ, ಬಿಡದೆ ನುಂಗಬೇಕಂತೆ’ ಎಂದು ಆರಂಭಿಸಿ, ಅವರು ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಿ.

ನೋವನ್ನು ಸಹಿಸಿಕೊಂಡು ಕೂರುವ ಅಗತ್ಯವಿಲ್ಲ. ಮೂಳೆಯ ನೋವಿಗೆ ಒಂದೇ ದಿನ 8 ಗ್ರೇ (ಕರೆಂಟ್ ಚಿಕಿತ್ಸೆಯ ಅಳತೆ) ಪ್ರಮಾಣದ ಕರೆಂಟ್ ಕೊಟ್ಟರೂ ಹತ್ತು ದಿನ ಕೊಟ್ಟಷ್ಟೇ ನೋವು ತಗ್ಗುತ್ತದೆ. ದೂರದ ಊರು ಎಂದು ಹೇಳಿ, ಒಂದೇ ದಿನದ್ದು ಸಾಧ್ಯವೇ ಎಂದು ಕೇಳಿ. ಮಾರ್ಫಿನ್ ಮಾತ್ರೆ ಬರೆದರೆ ಕೊನೆಗಾಲ ಬಂತೆಂದು ತಿಳಿಯಬೇಡಿ, ಅದು ನೋವಿನ ಔಷಧ ಅಷ್ಟೆ. ಕಾಲಲ್ಲಿ ಬಲ ಇಳಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಅದುಮಿಹೋಗಿರಬಹುದು, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಮರುದಿನಕ್ಕೆ ಬಿಟ್ಟರೆ ಕಾಲು ಮರಳದಿರಬಹುದು. ಮಾತ್ರೆ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ದಾಟಿದರೂ ಹಾಗೆಯೇ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸಿದ್ದು ಎಡತೊಡೆಯ ನೋವು. ಹೆಜ್ಜೆ ಊರಿದಾಗ ಅದು ಹೆಚ್ಚುತ್ತಿದ್ದರೆ ತೊಡೆಮೂಳೆ ಮುರಿಯುವ ಹಂತದಲ್ಲಿರಬಹುದು. ಸೊಂಟದಿಂದ ಮಂಡಿಯವರೆಗೆ ಇಡೀ ಮೂಳೆ ಕಾಣುವ ಎಕ್ಸ್‌ರೇಯನ್ನು ಈ ವಾರವೇ ಪಾವಗಡದಲ್ಲೇ ತೆಗೆಸಿ, ಮೂಳೆ ತಜ್ಞರಿಗೆ ಕ್ಯಾನ್ಸರಿನ ವಿಷಯ ತಿಳಿಸಿಯೇ ತೋರಿಸಿ. ಮುರಿಯುವ ಮೊದಲೇ ಒಳಗೆ ರಾಡ್ ಹಾಕಿದರೆ ಕೆಲವೇ ದಿನಗಳಲ್ಲಿ ನಡೆದಾಡುತ್ತಾರೆ. ಎಣ್ಣೆ ತಿಕ್ಕಿಸಲು, ಮೂಳೆ ಕಟ್ಟುವವರ ಬಳಿ ಎಳೆಸಲು ಕರೆದೊಯ್ಯಬೇಡಿ. ಎಕ್ಸ್‌ರೇ ನೋಡಿ ವೈದ್ಯರು ಸರಿ ಎನ್ನುವವರೆಗೆ ಅಕ್ಕ ವಾಕರ್ ಹಿಡಿದೇ ನಡೆಯಲಿ, ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುವ ಕೆಲಸವನ್ನು ಇವತ್ತಿನಿಂದಲೇ ಮನೆಯಲ್ಲಿ ಬೇರೆಯವರು ವಹಿಸಿಕೊಳ್ಳಲಿ.